ಮೂರನೆಯ ಬಾಗಿಲು

“ಕಾಲೇಜಲ್ಲಿ ನಾನು ಎದುರಿಗೆ ಸಿಕ್ಕಿದ್ರೆ ನಗಬೇಡ. ಮಾತಾಡಿಸಬೇಡ. ಯಾರೋ ಅನ್ಕೊಂಡು ಸುಮ್ನೆ ಹೋಗು.”

ಅಮ್ಮ ಇದನ್ನು ಹೇಳುವಾಗ ನನ್ನ ಜಡೆ ಹೆಣೆಯುತ್ತಿದ್ದಳು. ಕೂದಲು ಅವಳ ಮುಷ್ಟಿಯಲ್ಲಿದ್ದುದರಿಂದ ನಾನು ತಲೆ ತಿರುಗಿಸುವಂತಿರಲಿಲ್ಲ.

“ಯಾರೋ ಅಂದ್ರೆ ಯಾರು ಅನ್ಕೊಳ್ಳಲಿ?”

“ಕಸ ಗುಡಿಸೋಳು ಅನ್ಕೊ.”

“ನೀನು ಕಸ ಗುಡಿಸೋಳೇ ಅಲ್ವಾ?”

“ಹಾಗಾದ್ರೆ ಸುಲಭ ಆಯ್ತಲ್ಲ,” ಎಂದು ಅಮ್ಮ ಜಡೆಯ ತುದಿಗೆ ಗಂಟು ಬಿಗಿದಳು.

ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ ಚಿಕ್ಕಮ್ಮ ಕೇಳಿದಳು: “ನನಗೂ ಅದೇ ರೂಲ್ಸಾ ಅಕ್ಕ? ಇವಳ ಮುಖ ನೋಡಿದ್ರೆ ನಾನು ನಕ್ಕುಬಿಡ್ತೀನಿ.”

“ನೀನು ಹೆಂಗಿದ್ರೂ ಎಲ್ಲರನ್ನೂ ನೋಡಿ ನಗ್ತೀಯ. ಯಾರಿಗೂ ಅನುಮಾನ ಬರಲ್ಲ.”

ಆಗ ಬೆಳಗಿನ ಐದು ಗಂಟೆ. ನನ್ನ ಕಾಲೇಜು ಶುರುವಾಗುವುದು ಒಂಬತ್ತೂವರೆಗೆ. ಅಮ್ಮನ ಕಾಲೇಜು ಶುರುವಾಗುವುದು ಆರಕ್ಕೆ. ಎರಡೂ ಒಂದೇ ಕಾಲೇಜು. ಅಮ್ಮ ಮತ್ತು ಚಿಕ್ಕಮ್ಮ ಅಲ್ಲಿ ಹನ್ನೊಂದು ವರ್ಷದಿಂದ ಗುಡಿಸಿ, ಒರೆಸಿ, ಕಕ್ಕಸು ತೊಳೆಯುತ್ತಿದ್ದರು. ನಾನು ಅಲ್ಲಿ ಓದಲು ಸೇರಿದ್ದೆ. ಅಪ್ಪ ಕಸದ ಲಾರಿಯ ಹಿಂದೆ ನಿಂತು ಊರು ಸುತ್ತಿ ಬಂದು ಮಲಗುವವನು. “ನಮ್ಮನೆಯಿಂದ ಮೂರು ಜನ ಕಾಲೇಜಿಗೆ ಹೋಗ್ತಾರೆ,” ಎಂದು ಬೀದಿಯಲ್ಲಿ ಹೇಳಿಕೊಂಡು ಬಂದಿದ್ದ. ಸುಳ್ಳೇನೂ ಅಲ್ಲ.

ಅವರಿಬ್ಬರೂ ಹೊರಟುಹೋದ ಮೇಲೆ ಮೂರು ಗಂಟೆ ಹೊತ್ತು ಜಡೆ ಕೆಡದ ಹಾಗೆ ನೆಟ್ಟಗೆ ಕೂತಿದ್ದೆ. ಅಮ್ಮ ಎಷ್ಟು ಬಿಗಿಯಾಗಿ ಹೆಣೆದಿದ್ದಳೆಂದರೆ ಹುಬ್ಬು ಮೇಲಕ್ಕೆ ಎಳೆದುಕೊಂಡು, ಮೊದಲ ದಿನವೆಲ್ಲ ನಾನು ಏನನ್ನೋ ಕಂಡು ಬೆರಗಾದವಳ ಹಾಗೆ ಕಾಣುತ್ತಿದ್ದೆ. ಬೆರಗಾಗುವಂಥದ್ದು ಇತ್ತು ಅನ್ನಿ.

ಹೈಸ್ಕೂಲಿನಲ್ಲಿ ಮುಚ್ಚಿಡಲು ಏನೂ ಇರಲಿಲ್ಲ. ನಮ್ಮ ಬೀದಿಯ ಆರು ಜನ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ತರಗತಿಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ ಟೀಚರು ಆ ಬೆಂಚಿನ ಕಡೆ ನೋಡುತ್ತಿದ್ದರು. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ನಾವು ಎದ್ದು ಮಣ್ಣು ತರುತ್ತಿದ್ದೆವು. ವರ್ಷದ ಕೊನೆಯಲ್ಲಿ ಸ್ವಚ್ಛತೆಯ ಬಹುಮಾನ ಆ ಬೆಂಚಿಗೇ. ಸೋಪಿನ ಡಬ್ಬಿ ಕೊಡುತ್ತಿದ್ದರು. ನನ್ನ ಹತ್ತಿರ ಅಂಥವು ಮೂರಿವೆ. ಸೋಪು ಒಂದು ಸಲವೂ ಒಳಗಿರಲಿಲ್ಲ. ಇನ್ನೊಂದು ಬಹುಮಾನ ಪತ್ರ ಬರೆಯುವುದಕ್ಕೆ ಬಂದಿತ್ತು. ಬೀದಿಯವರಿಗೆಲ್ಲ ಅರ್ಜಿ ಬರೆದು ಬರೆದು ನನಗೆ ಅದು ಅಭ್ಯಾಸವಾಗಿತ್ತು.

ಕಾಲೇಜಿನಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ. ತರಗತಿಗೆ ಎಂಬತ್ತು ಜನ. ಹಾಜರಿ ಕರೆಯುವಾಗ ಹೆಸರಿಲ್ಲ, ನಂಬರು. ನಾನು ನಲವತ್ತೇಳು. ನಲವತ್ತೇಳು ಯಾವ ಬೀದಿಯಿಂದ ಬಂದಳೆಂದು ಯಾರೂ ಕೇಳುವುದಿಲ್ಲ. ಆ ನಂಬರಿನ ಒಳಗೆ ಕೂತಿರುವುದು ಎಷ್ಟು ಆರಾಮವೆಂದು ನನಗೆ ಮೊದಲ ವಾರದಲ್ಲೇ ಗೊತ್ತಾಯಿತು.

ಆದರೆ ಹಳೆಯ ಅಭ್ಯಾಸಗಳು ಕಾಲಿಗೆ ತೊಡರುತ್ತಿದ್ದವು. ಮೊದಲ ದಿನ ನಾನು ಹೋದದ್ದು ಹಿಂದಿನ ಗೇಟಿಗೆ. ಚಿಕ್ಕವಳಿದ್ದಾಗಿನಿಂದ ಅಮ್ಮನಿಗೆ ಊಟದ ಡಬ್ಬಿ ಕೊಡಲು ಅಲ್ಲಿಗೇ ಹೋಗುತ್ತಿದ್ದೆ. ಆ ಕಾಲೇಜಿಗೆ ಮುಂದೆಯೂ ಒಂದು ಗೇಟು ಇರಬಹುದೆಂದು ಹೊಳೆದಿರಲಿಲ್ಲ. ಕಾವಲುಗಾರ ತಡೆದ.

“ಡಬ್ಬಿ ಎಲ್ಲಿ?”

“ಡಬ್ಬಿ ತಂದಿಲ್ಲ. ಕ್ಲಾಸಿಗೆ ಬಂದಿದ್ದೀನಿ.”

ಅವನು ನನ್ನನ್ನೂ ನನ್ನ ಬ್ಯಾಗನ್ನೂ ನೋಡಿದ. “ಸ್ಟೂಡೆಂಟಾ? ಸ್ಟೂಡೆಂಟಾದ್ರೆ ಇಲ್ಲಿಂದ ಬಿಡೋ ಹಾಗಿಲ್ಲ ಕಣಮ್ಮ. ಸುತ್ತಿ ಹಾಕ್ಕೊಂಡು ಮುಂದಿನ ಗೇಟಿಗೆ ಹೋಗು.”

ಒಂದು ಗೇಟಿನಲ್ಲಿ ನನ್ನನ್ನು ಬಿಡಲಿಲ್ಲ, ಅದೂ ನಾನು ಆ ಗೇಟಿಗಿಂತ ದೊಡ್ಡವಳೆಂಬ ಕಾರಣಕ್ಕೆ. ಹಾಗೆ ಆದದ್ದು ಅದೇ ಮೊದಲು.

ಎರಡನೆಯ ದಿನ ಗಣಿತದ ಪಾಠದ ನಡುವೆ ಎದ್ದು ನಿಂತು ಕಿರುಬೆರಳು ತೋರಿಸಿದೆ. ಹೈಸ್ಕೂಲಿನಲ್ಲಿ ಹಾಗೆ ಕೇಳದೆ ಹೊರಗೆ ಹೋಗುವಂತಿರಲಿಲ್ಲ. ಎಂಬತ್ತು ಜನ ಒಟ್ಟಿಗೆ ನಕ್ಕರು. ಪಾಠ ಮಾಡುತ್ತಿದ್ದವರು ಕನ್ನಡಕದ ಮೇಲಿಂದ ನೋಡಿ, “ಹೋಗಮ್ಮ, ಹೋಗು. ಇದು ಕಾಲೇಜು. ಇದಕ್ಕೆಲ್ಲ ಇಲ್ಲಿ ಯಾರ ಅಪ್ಪಣೆಯೂ ಬೇಡ,” ಎಂದರು.

ಆವತ್ತು ನನ್ನ ಪಕ್ಕದಲ್ಲಿ ಕೂತಿದ್ದವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಬಿಡುವಿನಲ್ಲಿ ಅವಳೇ ಬಂದು ಮಾತಾಡಿಸಿದಳು. ನಿಲ್ಲಿಸದೆ ಮಾತಾಡುವ ಅವಳನ್ನು ತರಗತಿಯವರು ಪಟಾಕಿ ಎಂದು ಕರೆಯುತ್ತಿದ್ದರು. ಅವಳಪ್ಪನಿಗೆ ಬಟ್ಟೆ ಅಂಗಡಿ.

“ನೀನು ಬೆರಳು ತೋರಿಸೋದು ನೋಡಿ ನನಗೂ ಬಂದುಬಿಡ್ತು ಕಣೇ. ನಿಮ್ಮಮ್ಮ ಏನ್ ಮಾಡ್ತಾರೆ?”

“ಕೆಲಸ.”

“ಎಲ್ಲಿ?”

“ಕಾಲೇಜಲ್ಲಿ.”

“ಲೆಕ್ಚರರ್ರಾ?”

“ಅಷ್ಟು ಮಾತಾಡಲ್ಲ ಅವಳು,” ಎಂದೆ. ಪಟಾಕಿ ಅದನ್ನು ತಮಾಷೆಯೆಂದುಕೊಂಡಳು. ನಾನು ಅಲ್ಲವೆನ್ನಲಿಲ್ಲ.

ಅಮ್ಮನನ್ನು ದಿನಕ್ಕೆ ನಾಲ್ಕೈದು ಸಲ ನೋಡುತ್ತಿದ್ದೆ. ಮೊದಲ ಮಹಡಿ ಅವಳದು. ಬಗ್ಗಿ ಒರೆಸುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಳು. ಹುಡುಗರು ಅವಳು ಒರೆಸಿದಲ್ಲೇ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದರು. ಅವಳು ಮತ್ತೆ ಮುಂದೆ ಬಂದು ಅದೇ ಜಾಗ ಒರೆಸುತ್ತಿದ್ದಳು. ನಾವಿಬ್ಬರೂ ಕರಾರಿನ ಪ್ರಕಾರ ನಡೆದುಕೊಂಡೆವು. ನಾನು ನಗಲಿಲ್ಲ. ಅವಳು ತಲೆ ಎತ್ತಲಿಲ್ಲ. ಚಿಕ್ಕಮ್ಮ ಮಾತ್ರ ಕೆಳಗಿನ ವರಾಂಡದಲ್ಲಿ ನನ್ನನ್ನು ಕಂಡಾಗಲೆಲ್ಲ ಪೊರಕೆಯಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದಳು. ಯಾರಿಗೂ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ನನ್ನ ಕಾಲಿನಿಂದ.

ನಮ್ಮ ಮನೆಯಲ್ಲಿ ಒರೆಸಿದ ನೆಲವನ್ನು ಯಾರೂ ತುಳಿಯುವುದಿಲ್ಲ. ಹಸಿ ನೆಲ ಕಂಡರೆ ಚಪ್ಪಲಿ ಕೈಗೆ ಬರುತ್ತದೆ, ದೇಹ ತಾನಾಗಿ ಗೋಡೆಗೆ ಅಂಟಿಕೊಳ್ಳುತ್ತದೆ, ಬೆರಳ ತುದಿಯಲ್ಲಿ ಅಂಚು ಹಿಡಿದು ದಾಟುತ್ತೇವೆ. ಯಾರೂ ಕಲಿಸಿದ್ದಲ್ಲ. ಮೂರನೆಯ ವಾರದಲ್ಲಿ ಒಂದು ದಿನ ಹಾಗೆ ಗೋಡೆಗಂಟಿ ವರಾಂಡ ದಾಟುತ್ತಿದ್ದೆ. ಕೊನೆಯಲ್ಲಿ ಬೀಗದಕೈ ಸಾರ್ ನಿಂತಿದ್ದರು.

ಅವರು ಸೂಪರ್‌ವೈಸರು. ಸೊಂಟದಲ್ಲಿ ಇಡೀ ಕಾಲೇಜಿನ ಬೀಗದ ಕೈಗಳ ಗೊಂಚಲು. ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಿದ್ದರು. ಆವತ್ತು ಗೊಂಚಲನ್ನು ಕೈಯಲ್ಲಿ ಹಿಡಿದಿದ್ದರಿಂದ ನನಗೆ ಕೇಳಿಸಲಿಲ್ಲ.

“ನಿಲ್ಲು. ಯಾರ ಮಗಳು ನೀನು?”

“ನಲವತ್ತೇಳು ಸಾರ್.”

“ನಂಬರ್ ಕೇಳ್ಲಿಲ್ಲ. ಈ ಕಾಲೇಜಲ್ಲಿ ಒರೆಸಿದ ನೆಲ ಕಂಡ್ರೆ ಹಿಂಗೆ ಹಲ್ಲಿ ಥರ ಗೋಡೆಗೆ ಅಂಟೋರು ಇಬ್ಬರೇ. ಇಬ್ಬರೂ ನನ್ನ ಕೈಕೆಳಗಿದ್ದಾರೆ. ನೀನು ಮೂರನೆಯವಳು.” ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಮೂಗು ಅಮ್ಮಂದೇ. ಓದಮ್ಮ, ಓದು. ನಿಮ್ಮಂಥೋರಿಗೂ ಇಲ್ಲಿ ಸೀಟು ಸಿಗುತ್ತೆ ಅಂದ್ರೆ ಸಂತೋಷನೇ. ನಿಮ್ಮಮ್ಮನಿಗೆ ಹೇಳು, ಇನ್ಮೇಲೆ ಸ್ವಲ್ಪ ತಗ್ಗಿ ಬಗ್ಗಿ ಇರ್ಲಿ ಅಂತ.”

“ಬಗ್ಗೇ ಇರ್ತಾಳೆ ಸಾರ್. ಒರೆಸಬೇಕಲ್ಲ.”

ನಾನು ತಮಾಷೆ ಮಾಡಿರಲಿಲ್ಲ. ಅವರು ನಗಲೂ ಇಲ್ಲ. ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಈಗ ಕಕ್ಕಸಿನ ವಿಷಯ ಹೇಳಬೇಕು. ಅದನ್ನು ಬಿಟ್ಟರೆ ಈ ಕಥೆಯಲ್ಲಿ ಇನ್ನೇನೂ ಇಲ್ಲ.

ಮೊದಲ ಮಹಡಿಯ ಕೊನೆಯಲ್ಲಿ ಹುಡುಗಿಯರ ಕಕ್ಕಸು. ಒಳಗೆ ಸಾಲಾಗಿ ಐದು ಬಾಗಿಲು. ಹೊರಗೆ ಬಣ್ಣದಲ್ಲಿ ಬರೆದಿತ್ತು: ವಿದ್ಯಾರ್ಥಿನಿಯರು ಮತ್ತು ಮಹಿಳಾ ಉಪನ್ಯಾಸಕರಿಗೆ ಮಾತ್ರ. ಅಮ್ಮನಿಗೆ ಓದಲು ಬರುವುದಿಲ್ಲ. ಆದರೆ ಆ ಬೋರ್ಡನ್ನು ದಿನವೂ ಒರೆಸುವವಳು ಅವಳೇ ಆದ್ದರಿಂದ ಅದರಲ್ಲಿ ಏನಿದೆಯೆಂದು ಗೊತ್ತಿತ್ತು. ಕೆಲಸದವರಿಗೆಂದು ಹಿಂದಿನ ಗೇಟಿನ ಪಕ್ಕ ಒಂದು ಕಕ್ಕಸು ಇತ್ತು. ಅದರ ಪೈಪು ಒಡೆದು ನಾಲ್ಕು ವರ್ಷವಾಗಿತ್ತು. ರಿಪೇರಿ ಆಗುವವರೆಗೆ ಎಂದು ಅದರೊಳಗೆ ಮುರಿದ ಬೆಂಚುಗಳನ್ನು ತುಂಬಿಸಿಟ್ಟು ಬೀಗ ಹಾಕಿದ್ದರು.

ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅಮ್ಮ, ಚಿಕ್ಕಮ್ಮ ಇಬ್ಬರೂ ಹೋಗುತ್ತಿರಲಿಲ್ಲ. ಹೋಗದೆ ಇರಲು ನೀರು ಕುಡಿಯುತ್ತಿರಲಿಲ್ಲ. ಅಮ್ಮನಿಗೆ ಎರಡು ವರ್ಷದಿಂದ ಉರಿಮೂತ್ರ. ಜ್ವರ ಬಂದು ಬಂದು ಹೋಗುತ್ತಿತ್ತು. ಆಸ್ಪತ್ರೆಗೆ ಹೋಗಿ ಬಂದ ದಿನ ಚಿಕ್ಕಮ್ಮ ಕೇಳಿದಳು, “ಡಾಕ್ಟರು ಏನಂದ್ರು?”

“ನೀರು ಜಾಸ್ತಿ ಕುಡೀಬೇಕಂತೆ.”

“ಕುಡಿದಿದ್ದನ್ನ ಎಲ್ಲಿ ಬಿಡೋದು ಅಂತ ಕೇಳಿದ್ಯಾ?”

“ಅದಕ್ಕೆ ಬೇರೆ ಡಾಕ್ಟರ್ ಇರ್ತಾರೇನೋ,” ಎಂದಳು ಅಮ್ಮ.

ನಾನು ಕಾಲೇಜು ಸೇರಿ ಎರಡನೆಯ ತಿಂಗಳು. ಹನ್ನೊಂದು ಗಂಟೆಯ ಬಿಡುವು ಮುಗಿದ ಮೇಲೆ, ಫಿಸಿಕ್ಸ್ ಮೇಡಂ ಬರುವ ಮೊದಲು ಒಮ್ಮೆ ಹೋಗಿ ಬರೋಣವೆಂದು ಅಲ್ಲಿಗೆ ಹೋದೆ. ಒಳಗೆ ಬೇರೆ ಯಾರೂ ಇರಲಿಲ್ಲ. ಅಮ್ಮ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ನೀರು ಹೋಗುವ ತೂತು ಕಟ್ಟಿಕೊಂಡಿತ್ತು. ಮೊಣಕೈವರೆಗೆ ಕೈ ಇಳಿಸಿ ಎಳೆದು ಹಾಕುತ್ತಿದ್ದಳು. ಕೂದಲು. ಬಟ್ಟೆ. ಹುಡುಗಿಯರು ಎಸೆಯಬಾರದೆಂದು ಬರೆದಿದ್ದರೂ ಎಸೆಯುವಂಥವು. ಪಕ್ಕದಲ್ಲಿ ಒದ್ದೆ ಗುಡ್ಡೆ ಬೆಳೆದಿತ್ತು. ಕೊನೆಗೆ ತೂತು ಗೊಳಕ್ಕೆಂದು ನೀರು ಕುಡಿಯಿತು. ಅಮ್ಮ ಎದ್ದಳು. ಎದ್ದವಳು ಗೋಡೆ ಹಿಡಿದುಕೊಂಡು ಎರಡೂ ತೊಡೆ ಒತ್ತಿ ನಿಂತಳು. ಮುಖ ಬೂದಿಯಾಗಿತ್ತು.

ನಾನು ಕರಾರು ಮುರಿದೆ.

“ಅಮ್ಮ, ಒಳಗೆ ಹೋಗು.”

“ಅಮ್ಮ ಅನ್ಬೇಡ ಅಂದಿಲ್ವಾ?”

“ಯಾರೂ ಇಲ್ಲ ಇಲ್ಲಿ.”

“ಗೋಡೆ ಇದೆ.”

“ಅಮ್ಮ, ಐದು ಬಾಗಿಲಿದೆ. ಐದೂ ಖಾಲಿ ಇದೆ. ನಾನು ಹೊರಗೆ ನಿಂತಿರ್ತೀನಿ. ಹೋಗು.”

ಅವಳು ಐದೂ ಬಾಗಿಲುಗಳನ್ನು ನೋಡಿದಳು. ಹನ್ನೊಂದು ವರ್ಷದಿಂದ ತೊಳೆದವುಗಳನ್ನು ಮೊದಲ ಸಲ ಕಂಡ ಹಾಗೆ. ಮೂರನೆಯದಕ್ಕೆ ನುಗ್ಗಿ ಚಿಲಕ ಹಾಕಿಕೊಂಡಳು.

ನಾನು ಹೊರಬಾಗಿಲಲ್ಲಿ ನಿಂತೆ. ಒಂದು ನಿಮಿಷವೂ ಆಗಿರಲಿಲ್ಲ, ನೀರು ಸುರಿದ ಸದ್ದು ಬಂತು. ಮುಗಿಯಿತು ಅಂದುಕೊಂಡೆ. ಬ್ರಷ್ ಉಜ್ಜುವ ಸದ್ದು ಶುರುವಾಯಿತು.

“ಬಾ ಬೇಗ! ಏನ್ ಮಾಡ್ತಿದ್ದೀಯ?”

“ತೊಳೀತಿದ್ದೀನಿ ತಡಿ.”

“ತೊಳೆಯೋ ಅಷ್ಟು ಏನೂ ಮಾಡಿಲ್ಲ ನೀನು.”

“ಯಾರಿಗೂ ಗೊತ್ತಾಗಬಾರದು ಕಣೇ.”

ಅವಳು ಗುಂಡಿ ತೊಳೆದಳು. ನೆಲ ತೊಳೆದಳು. ತನ್ನ ಎತ್ತರದವರೆಗೆ ಗೋಡೆ ತೊಳೆದಳು. ನಲ್ಲಿ, ಮಗ್ಗು, ಬಾಗಿಲ ಒಳಮೈ. ಕೂತದ್ದು ಒಂದು ನಿಮಿಷ. ತೊಳೆದದ್ದು ಹತ್ತು ನಿಮಿಷ. ಬೇರೆ ಯಾರಾದರೂ ಆಗಿದ್ದರೆ ಎದ್ದು ಬಂದುಬಿಡುತ್ತಿದ್ದರು. ಆ ಹತ್ತನೆಯ ನಿಮಿಷದಲ್ಲಿ ಫಿಸಿಕ್ಸ್ ಮೇಡಂ ಬಂದರು.

“ಯಾರಿದ್ದಾರೆ ಒಳಗೆ?”

ಕ್ಲೀನ್ ಮಾಡ್ತಿದ್ದಾರೆ ಮೇಡಂ ಅಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅದು ನಿಜವೂ ಆಗಿತ್ತು. ನಾನು ಗಾಬರಿಯಲ್ಲಿ, “ಸ್ಟೂಡೆಂಟು ಮೇಡಂ,” ಎಂದೆ.

ಚಿಲಕ ತೆಗೆದ ಸದ್ದಾಯಿತು. ಸೀರೆ ಎತ್ತಿ ಸಿಕ್ಕಿಸಿಕೊಂಡು, ಬ್ರಷ್ ಹಿಡಿದುಕೊಂಡು ಸ್ಟೂಡೆಂಟು ಹೊರಗೆ ಬಂದಳು.

ಮೇಡಂ ನನ್ನನ್ನು ನೋಡಿದರು. ಅವಳನ್ನು ನೋಡಿದರು. “ಚಿಲಕ ಹಾಕ್ಕೊಂಡು ಏನು ಮಾಡ್ತಿದ್ದೆ?”

“ತೊಳೆದಿದ್ದೀನಿ ಮೇಡಂ. ಚೆನ್ನಾಗಿ ತೊಳೆದಿದ್ದೀನಿ,” ಎಂದಳು ಅಮ್ಮ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೇಳದೆ ಇದ್ದುದಕ್ಕೆ ಉತ್ತರ ಕೊಟ್ಟುಬಿಡುತ್ತಾಳೆ.

ಮೇಡಂ ಕೂಗಾಡಲಿಲ್ಲ. ಅವರು ಕೆಟ್ಟವರಲ್ಲ, ಎಲ್ಲರೂ ಹಾಗೇ ಹೇಳುತ್ತಾರೆ. ಮೆಲ್ಲಗೆ, ಬೇಸರದಿಂದ, “ಇದು ಹೈಜೀನ್ ಪ್ರಶ್ನೆ,” ಎಂದರು. ಅಮ್ಮನ ಮೊಣಕೈವರೆಗೆ ಅವರೆಲ್ಲರ ಹೊಲಸು ಇನ್ನೂ ಆರಿರಲಿಲ್ಲ. ಅದು ಪ್ರಶ್ನೆಯಾಗಿರಲಿಲ್ಲ. ಅಮ್ಮ ಒಂದು ನಿಮಿಷ ಕೂತದ್ದು ಪ್ರಶ್ನೆಯಾಯಿತು.

ಅರ್ಧ ಗಂಟೆಯ ಮೇಲೆ ಜವಾನ ತರಗತಿಯ ಬಾಗಿಲಿಗೆ ಬಂದ. “ನಲವತ್ತೇಳನೇ ನಂಬರ್ ಯಾರು? ಸೂಪರ್‌ವೈಸರು ಕರೀತಾರೆ.”

“ಬೀಗದಕೈಯಾ? ನಿನ್ನ ಯಾಕೆ ಕರೀತಾನೆ?” ಪಟಾಕಿ ಕೇಳಿದಳು. ನಾನು ಎದ್ದೆ. ಕುತೂಹಲಕ್ಕೆ ಅವಳೂ ಹಿಂದೆ ಬಂದಳು. ಅವಳು ಎದ್ದಳೆಂದು ಇನ್ನು ನಾಲ್ವರು ಎದ್ದರು. ಕಾಲೇಜಿನಲ್ಲಿ ಅಪ್ಪಣೆ ಬೇಡವಲ್ಲ.

ಸೂಪರ್‌ವೈಸರ ಕೋಣೆ ಮೆಟ್ಟಿಲ ಕೆಳಗೆ. ಒಂದು ಮೇಜು, ಒಂದು ಕುರ್ಚಿ, ಫಿನಾಯಿಲ್ ಡಬ್ಬಗಳು. ಅಮ್ಮ ನಿಂತಿದ್ದಳು. ಚಿಕ್ಕಮ್ಮ ಒರೆಸುವ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಬಾಮ್ಮ,” ಎಂದರು ಬೀಗದಕೈ ಸಾರ್. “ನಿಮ್ಮಮ್ಮ ಒಂದು ಕ್ಷಮಾಪಣೆ ಪತ್ರ ಕೊಡಬೇಕು. ಕೊಟ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರೋ ಹಾಗಿಲ್ಲ. ಇವಳಿಗೆ ಬರೆಯೋಕೆ ಬರಲ್ಲ. ಮಗಳು ಕಾಲೇಜು ಓದ್ತಾಳಲ್ಲ, ಬರೀಲಿ. ತಗೋ ಪೇಪರು.”

“ಬರಿ,” ಎಂದಳು ಅಮ್ಮ ನನ್ನ ಕಡೆ ನೋಡದೆ. “ನಾಲ್ಕು ಸಾಲು ತಾನೆ. ಬರೆದು ಕ್ಲಾಸಿಗೆ ಹೋಗು.”

ಕೂರಲು ಕುರ್ಚಿ ಇರಲಿಲ್ಲ. ಫಿನಾಯಿಲ್ ಡಬ್ಬದ ಮೇಲೆ ಕಾಗದವಿಟ್ಟು, ಎಡಗಡೆ ‘ಇವರಿಂದ’, ಅದರ ಕೆಳಗೆ ‘ಇವರಿಗೆ’ ಎಂದು ಬರೆದೆ. ‘ಮಾನ್ಯರೇ’ ಎಂದು ಬರೆದೆ. ‘ವಿಷಯ’ ಎಂದು ಬರೆದು ನಿಲ್ಲಿಸಿದೆ.

“ವಿಷಯ ಏನಂತ ಬರೀಲಿ ಸಾರ್?”

“ಅದೇ. ಟಾಯ್ಲೆಟ್ ಬಳಸಿದ್ದು.”

“ಎಷ್ಟು ಗಂಟೆಗೆ ಅಂತ ಬೇಕು ಸಾರ್. ಹನ್ನೊಂದೂಕಾಲಿಗೆ ಅಂತ ಹಾಕ್ಲಾ? ಬೆಳಿಗ್ಗೆ ಆರು ಗಂಟೆಯಿಂದ ಕಾದು ಅಂತ ಸೇರಿಸ್ಲಾ?”

“ಅವೆಲ್ಲಾ ಬೇಡ. ನಾನು ಹೇಳಿದಷ್ಟು ಬರಿ. ‘ನಾನು ಇನ್ನು ಮುಂದೆ ಹೀಗೆ ಮಾಡುವುದಿಲ್ಲ.’”

“ಹೀಗೆ ಅಂದ್ರೆ?”

“ಅದೇನ್ ಮಾಡಿದ್ಳೋ ಅದು.”

“ಉಚ್ಚೆ ಹೊಯ್ಯೋದಾ ಸಾರ್? ಇನ್ನು ಮುಂದೆ ಉಚ್ಚೆ ಹೊಯ್ಯಲ್ಲ ಅಂತ ಬರೆದ್ರೆ ಸುಳ್ಳಾಗುತ್ತೆ.”

ಬಾಗಿಲ ಹೊರಗೆ ಯಾರೋ ಕಿಸಕ್ಕೆಂದರು. ಬೀಗದಕೈ ಸಾರ್ ಮುಖ ಕೆಂಪಾಯಿತು. “ಏನಮ್ಮ, ಎರಡು ತಿಂಗಳು ಕಾಲೇಜಿಗೆ ಬಂದಿದ್ದಕ್ಕೆ ನಾಲಿಗೆ ಇಷ್ಟುದ್ದ ಆಯ್ತಾ? ನಿನ್ನ ಸೀಟೂ ಇಲ್ಲೇ ಇದೆ, ನೆನಪಿರ್ಲಿ.”

“ಬರಿಯೇ ಸುಮ್ನೆ,” ಅಮ್ಮ ನನ್ನ ಭುಜಕ್ಕೆ ಹೊಡೆದಳು. “ಯಾರು ಕೇಳಿದ್ರು ನಿನ್ನ ಗಂಟೆ ಲೆಕ್ಕನ? ನಿಂಗೇನು ಹೋಗುತ್ತೆ ಬರೆದ್ರೆ?”

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

“ನಾನು ಬರೆಯಲ್ಲ.”

“ಬರೆಯಲ್ವಾ?”

“ಬರೆಯಲ್ಲ ಸಾರ್. ಬೀದಿಯವರಿಗೆಲ್ಲ ಪತ್ರ ಬರೆದಿದ್ದೀನಿ. ಇಂಥದ್ದು ಬರೆದಿಲ್ಲ.”

“ಬೇಡ ಬಿಡು,” ಎಂದು ಅವರೇ ಕಾಗದ ಎಳೆದುಕೊಂಡರು. ಗೀಚಿದರು. ಡ್ರಾಯರಿನಿಂದ ಇಂಕಿನ ಪ್ಯಾಡು ತೆಗೆದು ಅಮ್ಮನ ಮುಂದೆ ಇಟ್ಟರು. “ಒತ್ತು ಹೆಬ್ಬೆಟ್ಟು. ಇವಳ ಮಾತು ಕೇಳಿದ್ರೆ ನಿನ್ನ ಹೊಟ್ಟೆ ತುಂಬಲ್ಲ.”

ಅಮ್ಮ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಪ್ಯಾಡಿಗೆ ಒತ್ತಿದಳು. ಕಾಗದದ ಹತ್ತಿರ ಹೋದ ಕೈ ಅಲ್ಲಿ ನಿಂತಿತು. “ಏನ್ ಬರೆದಿದ್ದಾರೆ ಓದೇ,” ಎಂದಳು. ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುವ ಮೊದಲು ಓದಿಸಿ ಕೇಳಬೇಕೆಂದು ನಾನೇ ಹೇಳಿಕೊಟ್ಟಿದ್ದೆ. ಆದರೆ ಆ ಹೊತ್ತಿನಲ್ಲಿ ಅವಳು ಕೇಳಿಯಾಳೆಂದು ನಾನು ಅಂದುಕೊಂಡಿರಲಿಲ್ಲ.

ನಾನು ಓದಿದೆ. “‘ನಾನು ವಿದ್ಯಾರ್ಥಿನಿಯರ ಶೌಚಾಲಯವನ್ನು ಅನುಮತಿ ಇಲ್ಲದೆ ಬಳಸಿ ಗಲೀಜು ಮಾಡಿರುತ್ತೇನೆ. ಇದಕ್ಕಾಗಿ ಕ್ಷಮಿಸಬೇಕಾಗಿ...’”

“ಏನ್ ಮಾಡಿರ್ತೀನಿ?”

“ಗಲೀಜು.”

ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ನೀಲಿ ಹೆಬ್ಬೆಟ್ಟು ಗಾಳಿಯಲ್ಲಿ ಎದ್ದು ನಿಂತಿತ್ತು.

“ನಾನಾ ಸಾರ್? ಗಲೀಜಾ?”

“ಬರೆಯೋ ಪದ್ಧತಿ ಅದು. ಒತ್ತು.”

“ಹೋಗಿದ್ದು ತಪ್ಪು ಅಂತ ಬರೀರಿ, ಒತ್ತೀನಿ. ಕೇಳದೆ ಹೋದೆ ಅಂತ ಬರೀರಿ, ಒತ್ತೀನಿ. ಗಲೀಜು ಅಂತ ಹೆಂಗೆ ಬರೀತೀರಿ? ನೀವು ನೋಡಿದ್ರಾ?”

“ನಾನ್ಯಾಕೆ ಹೋಗಿ ನೋಡ್ಲಿ ಲೇಡೀಸ್ ಟಾಯ್ಲೆಟ್ಟು?”

“ಹಾಗಾದ್ರೆ ನೋಡೋರನ್ನ ಕರೀರಿ. ಹನ್ನೊಂದು ವರ್ಷದಲ್ಲಿ ನನ್ನ ಕೆಲಸದ ಮೇಲೆ ಒಬ್ಬರೂ ಬೆರಳು ತೋರಿಸಿಲ್ಲ. ಆ ಮೇಡಂನೇ ಕರೀರಿ. ಐದು ಬಾಗಿಲಿದೆ. ನಾನು ಯಾವುದಕ್ಕೆ ಹೋಗಿದ್ದೆ ಅಂತ ಮೇಡಂ ನೋಡಿ ಹೇಳ್ಲಿ. ಗಲೀಜಾಗಿದ್ರೆ ನಾನೇ ಒತ್ತೀನಿ. ಎರಡೂ ಹೆಬ್ಬೆಟ್ಟು ಒತ್ತೀನಿ.”

ಅಮ್ಮ ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟರಲ್ಲಿ ಊಟದ ಗಂಟೆ ಹೊಡೆದು ಮೆಟ್ಟಿಲು ತುಂಬಿತು. ಮಾತು ಮೇಲಕ್ಕೆ ಹೋಯಿತು. ಪ್ರಿನ್ಸಿಪಾಲರು ಕೆಳಕ್ಕೆ ಬಂದರು. ಅವರ ಹಿಂದೆ ಫಿಸಿಕ್ಸ್ ಮೇಡಂ. ಏನಾಗಿದೆಯೆಂದು ಕೇಳಿ ಪ್ರಿನ್ಸಿಪಾಲರು ಹಣೆ ಉಜ್ಜಿಕೊಂಡರು. “ನೋಡಿ ಬಂದುಬಿಡಿ ಮೇಡಂ,” ಎಂದರು. “ಬೇಗ ಮುಗೀಲಿ ಇದು.”

ಮೇಡಂ ಮೇಲೆ ಹೋದರು. ನಾವೆಲ್ಲ ಕಾದೆವು. ಪಟಾಕಿ ನನ್ನ ತೋಳು ಹಿಡಿದು ಎಳೆದಳು.

“ಆಯಮ್ಮ ಯಾರೇ ನಿನಗೆ?”

“ಅಮ್ಮ.”

“ಅಮ್ಮ ಅಂದ್ರೆ... ಅಮ್ಮನೇನಾ?”

“ಹೂಂ. ಹೆತ್ತೋಳು. ಆ ಕೋಲು ಹಿಡಿದೋಳು ಚಿಕ್ಕಮ್ಮ.”

“ಮೊದಲೇ ಹೇಳೋಕೇನಾಗಿತ್ತು?”

“ಹೇಳಿದ್ರೆ ನನ್ನ ಪಕ್ಕ ಕೂರ್ತಿದ್ಯಾ?”

ಪಟಾಕಿ, “ಗೊತ್ತಿಲ್ಲ ಕಣೇ,” ಎಂದಳು. ಎರಡು ತಿಂಗಳಲ್ಲಿ ಅವಳು ಆಡಿದ ಮಾತುಗಳಲ್ಲಿ ಅದೇ ಚಿಕ್ಕದು. ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

ಅಮ್ಮ ನಮ್ಮ ಕಡೆ ತಿರುಗಿದಳು. ಪಟಾಕಿಯ ಬ್ಯಾಗಿನಲ್ಲಿದ್ದ ಬಾಟಲಿಯನ್ನು ತೋರಿಸಿದಳು. “ಸ್ವಲ್ಪ ನೀರು ಕೊಡ್ತೀಯಾ ಮಗಾ?” ಪಟಾಕಿ ಕೊಟ್ಟಳು. ಅಮ್ಮ ತಲೆ ಹಿಂದಕ್ಕೆ ಹಾಕಿ, ಬಾಟಲಿಯನ್ನು ಎತ್ತಿ ಕುಡಿದಳು. ಸ್ವಲ್ಪ ಅಲ್ಲ, ಪೂರ್ತಿ. ಗಂಟಲು ಏರಿ ಇಳಿಯುವುದನ್ನು ಮೆಟ್ಟಿಲ ಮೇಲಿನವರೆಲ್ಲ ನೋಡಿದರು. ಖಾಲಿ ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ವಾಪಸ್ಸು ಕೊಟ್ಟಳು.

ಮೇಡಂ ಇಳಿದು ಬಂದರು.

“ಮೂರನೆಯದು,” ಎಂದರು.

“ಹೆಂಗೆ ಗೊತ್ತಾಯ್ತು ಮೇಡಂ?” ಕೇಳಿದ್ದು ಚಿಕ್ಕಮ್ಮ.

ಮೇಡಂ ತಮ್ಮ ಸೀರೆಯ ಅಂಚು ನೋಡಿಕೊಂಡರು. “ಉಳಿದ ನಾಲ್ಕೂ... ಬಿಡುವಲ್ಲಿ ಹುಡುಗಿಯರು ಹೋಗಿ ಬಂದಿದ್ದಾರಲ್ಲ. ಅದೊಂದೇ ಕ್ಲೀನಾಗಿದೆ.”

ಅಮ್ಮ ಮೇಜಿನ ಮೇಲಿದ್ದ ಕಾಗದ ತೆಗೆದುಕೊಂಡು, ನೀಲಿ ಹೆಬ್ಬೆಟ್ಟನ್ನು ಅದಕ್ಕೆ ಚೆನ್ನಾಗಿ ಒರೆಸಿ, ಮುದುಡಿ ಕಸದ ಬುಟ್ಟಿಗೆ ಹಾಕಿದಳು. ಕಸ ಎಲ್ಲಿ ಹಾಕಬೇಕೆಂದು ಅವಳಿಗೆ ಗೊತ್ತಿತ್ತು.

“ಕ್ಲೀನಿದ್ರೆ ಏನು ಸಾರ್?” ಬೀಗದಕೈ ಸಾರ್ ಪ್ರಿನ್ಸಿಪಾಲರ ಕಡೆ ತಿರುಗಿದರು. “ರೂಲ್ಸು ರೂಲ್ಸೇ. ಇವತ್ತು ಇವಳು, ನಾಳೆ ಇನ್ನೊಬ್ಬಳು. ನಾಳೆಯಿಂದ ಇವಳು ಬರೋದು ಬೇಡ. ಮೊದಲ ಮಹಡೀನೂ ತಂಗಿ ನೋಡ್ಕೊಳ್ತಾಳೆ.”

“ಯಾವ ತಂಗಿ?” ಎಂದಳು ಚಿಕ್ಕಮ್ಮ.

“ನೀನೇ.”

ಚಿಕ್ಕಮ್ಮ ಬಂದು ಒರೆಸುವ ಕೋಲನ್ನು ಬೀಗದಕೈ ಸಾರ್ ಕೈಗೆ ಕೊಟ್ಟಳು. ಅವರು ತೆಗೆದುಕೊಂಡರು. ಕೊಟ್ಟದ್ದನ್ನು ತೆಗೆದುಕೊಳ್ಳುವುದು ಮನುಷ್ಯನ ಅಭ್ಯಾಸ. ಬಟ್ಟೆಯ ಕಡೆಯಿಂದ ಹಿಡಿದುಕೊಂಡದ್ದರಿಂದ ನೀರು ಅವರ ಅಂಗಿಯ ತೋಳಿಗೆ ಇಳಿಯಿತು.

“ತೂತು ಕಟ್ಕೊಂಡ್ರೆ ಕೈ ಪೂರ್ತಿ ಹಾಕಿ ಸಾರ್,” ಎಂದಳು ಚಿಕ್ಕಮ್ಮ. “ಅರ್ಧ ಹಾಕಿದ್ರೆ ಬರಲ್ಲ.”

ಮೆಟ್ಟಿಲ ಮೇಲೆ ನಗು ಎದ್ದಿತು. ಪ್ರಿನ್ಸಿಪಾಲರು ಕೈ ಎತ್ತಿದರು. ಅವರಿಗೆ ಸಾವಿರದ ಇನ್ನೂರು ಮಕ್ಕಳ ನಾಳೆಯ ಬೆಳಿಗ್ಗೆ ಕಣ್ಣೆದುರು ಬಂದಿರಬೇಕು. “ಪತ್ರ ಬೇಡ. ಯಾರೂ ಕೆಲಸ ಬಿಡೋದೂ ಬೇಡ,” ಎಂದರು. “ಈ ಟಾಯ್ಲೆಟ್ ವಿಷಯ ದೊಡ್ಡದು. ಕಮಿಟಿಯಲ್ಲಿ ಇಡಬೇಕು. ಆಮೇಲೆ ನೋಡೋಣ. ಈಗ ಎಲ್ಲರೂ ಹೋಗಿ.”

“ಆಮೇಲೆ ಅಂದ್ರೆ ಎಷ್ಟು ಹೊತ್ತಿಗೆ ಸಾರ್?” ಅಮ್ಮ ಕೇಳಿದಳು.

“ಅದು... ಈ ತಿಂಗಳು, ಮುಂದಿನ ತಿಂಗಳು. ಒಟ್ಟಲ್ಲಿ ಆಮೇಲೆ.”

“ನನಗೆ ಈಗ ಬಂದಿದೆ ಸಾರ್.”

ಅವರ ಉತ್ತರಕ್ಕೆ ಅವಳು ಕಾಯಲಿಲ್ಲ. ಮೆಟ್ಟಿಲು ಹತ್ತಿದಳು. ಹುಡುಗರು ಎರಡು ಕಡೆ ಸರಿದು ದಾರಿ ಬಿಟ್ಟರು. ಅವಳ ಹಿಂದೆ ಚಿಕ್ಕಮ್ಮ, ಚಿಕ್ಕಮ್ಮನ ಹಿಂದೆ ನಾನು. ಊಟದ ಬಿಡುವಾದ್ದರಿಂದ ಮೊದಲ ಮಹಡಿಯ ಕೊನೆಯಲ್ಲಿ ಹುಡುಗಿಯರ ಸಾಲು ಹೊರಬಾಗಿಲು ದಾಟಿ ವರಾಂಡದವರೆಗೆ ಬಂದಿತ್ತು. ಅಮ್ಮನಿಗೆ ಮುಂದೆ ಹೋಗಲು ಗೊತ್ತಿರಲಿಲ್ಲ. ಸಾಲಿನ ಬಾಲದಲ್ಲಿ ನಿಂತುಕೊಂಡಳು. ಅವಳ ಮುಂದಿದ್ದ ಹುಡುಗಿ ಹಿಂದೆ ತಿರುಗಿ ನೋಡಿದಳು, ಮತ್ತೆ ಮುಂದಕ್ಕೆ ತಿರುಗಿದಳು. ಒಳಗೆ ಎಲ್ಲೋ ಒಂದು ಬಾಗಿಲು ತೆರೆಯಿತು. ಒಬ್ಬಳು ಹೊರಬಂದಳು, ಒಬ್ಬಳು ಒಳಗೆ ಹೋದಳು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅಮ್ಮನೂ ಒಂದು ಹೆಜ್ಜೆ ಮುಂದೆ ಇಟ್ಟಳು.